ಮುಂಡಪ್ಪ ಶೆಟ್ಟರ ಮುಖದ ಮೂರು ಫೋಟೊ

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಮುಂಡಪ್ಪ ಶೆಟ್ಟರು ತಾವಾಗಿಯೇ ಹೆಂಡತಿಯನ್ನು "ಸರಸ, ಹೊರಡು, ಮೂಡಬಿದಿರೆಗೆ ಹೋಗಿ ಬರುವ" ಎಂದು ಕರೆದದ್ದು ಅದೇ ಮೊದಲು. ಗಲ್ಲಾದಲ್ಲಿ ಕೂತಿದ್ದ ಸರಸ ಗಿರಾಕಿಗೆ ಕೊಡಬೇಕಾದ ಚಿಲ್ಲರೆಯನ್ನು ಕೈಯಲ್ಲೇ ಹಿಡಿದುಕೊಂಡು ಹಿಂದಕ್ಕೆ ತಿರುಗಿ ನೋಡಿದಳು. ಅಡುಗೆಕೋಣೆಯ ಬಾಗಿಲಲ್ಲಿ ನಿಂತವರು ತನ್ನ ಗಂಡನೇ ಹೌದು. ಜ್ವರಗಿರ ಬಂದಿದೆಯೇ ಎಂದು ಕೇಳಬೇಕು ಎನ್ನುವಷ್ಟರಲ್ಲಿ ಅವರು ಒಳಗೆ ಹೋಗಿ ಮತ್ತೆ ಬಾಣಲೆಯ ಮುಂದೆ ನಿಂತಿದ್ದರು.

ವಾಮದಪದವಿನ ಪೇಟೆಯಲ್ಲಿ, ಬಸ್ ನಿಲ್ಲುವಲ್ಲಿಯೇ ಇವರ ಹೋಟೆಲು. ಮುಂದೆ ಹೋಟೆಲು, ಹಿಂದೆ ಮನೆ, ನಡುವೆ ಒಂದು ಬಾಗಿಲು. ಬೇರೆ ಕಡೆ ಯಜಮಾನ ಗಲ್ಲಾದಲ್ಲಿ ಕೂತು ಊರ ಸುದ್ದಿ ಮಾತಾಡುತ್ತಾನೆ, ಹೆಂಡತಿ ಒಳಗೆ ಹೊಗೆಯಲ್ಲಿ ಬೇಯುತ್ತಾಳೆ. ಇಲ್ಲಿ ಎಲ್ಲ ತಿರುಗುಮುರುಗು. ಸರಸ ಮುಂದೆ, ಶೆಟ್ಟರು ಒಳಗೆ. ಸಂಜೆ ನಾಲ್ಕಕ್ಕೆ ಬಾಣಲೆಯಿಂದ ಗೋಳಿಬಜೆಯ ಮೊದಲ ಘಾಣ ಇಳಿಯಿತೆಂದರೆ ಮೂರು ಊರಿನವರು ಬೈಕ್ ನಿಲ್ಲಿಸುತ್ತಿದ್ದರು. ಆದರೆ ಆ ಗೋಳಿಬಜೆಯ ರುಚಿ ಗೊತ್ತಿದ್ದ ನೂರು ಜನರಲ್ಲಿ ಹತ್ತು ಜನಕ್ಕೂ ಶೆಟ್ಟರ ಮುಖ ಗೊತ್ತಿರಲಿಲ್ಲ. ಅಡುಗೆ ಎಂದರೆ ಇವರಿಗೆ ಜೀವ, ಅದಕ್ಕೇ ಹೊರಗೆ ಬರುವುದಿಲ್ಲ ಎಂದು ಸರಸ ನಂಬಿದ್ದಳು, ಕೇಳಿದವರಿಗೂ ಹಾಗೆಯೇ ಹೇಳುತ್ತಿದ್ದಳು.

ಮೂಡಬಿದಿರೆಗೆ ಯಾಕೆ ಎಂಬುದನ್ನು ಶೆಟ್ಟರು ಹೇಳಿದ್ದು ಬಸ್ಸಿನಲ್ಲಿ. ಅದೂ ಪಿಸುಮಾತಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು. ತಿಂಗಳ ಹಿಂದೆ ಅಣ್ಣನ ಮಗನ ಮದುವೆಗೆ ಹೋಗಿದ್ದರಲ್ಲ, ಆ ಹಾಲ್‌ನಲ್ಲಿ ವೇದಿಕೆಯ ಪಕ್ಕ ಗೋಡೆಯಷ್ಟು ದೊಡ್ಡ ಪರದೆ ಹಾಕಿದ್ದರು. ವೇದಿಕೆಯ ಮೇಲಿನದ್ದೆಲ್ಲ ಅದರಲ್ಲಿ ಆಗಿಂದಾಗಲೇ ಕಾಣುತ್ತಿತ್ತು. ಶೆಟ್ಟರು ಅಕ್ಷತೆ ಹಾಕಲು ಮೇಲೆ ಹೋದವರು ಪರದೆಯ ಕಡೆ ಒಮ್ಮೆ ನೋಡಿದರು. ಎಂಟಡಿ ಎತ್ತರದ ಅವರ ಮುಖ, ಅದರಲ್ಲಿ ಕೆನ್ನೆಯ ಒಂದೊಂದು ಕುಳಿಯೂ ಕಡಲೆಬೇಳೆ ಹಿಡಿಸುವಷ್ಟು ದೊಡ್ಡದು. ಊಟಕ್ಕೆ ಕೂರದೆ ಅವರು ಬಡಿಸುವವರ ಸಾಲಿಗೆ ಸೇರಿಕೊಂಡದ್ದು ಅದಕ್ಕೆ. ಸರಸ ಅಂದು ಅದನ್ನು ದೊಡ್ಡ ಗುಣ ಎಂದುಕೊಂಡು ನಾಲ್ಕು ಜನರ ಹತ್ತಿರ ಹೊಗಳಿದ್ದಳು.

ಈಗ ಮಗಳು ದೀಕ್ಷಿತಾಳಿಗೆ ಅಳದಂಗಡಿಯ ಸಂಬಂಧ ಕೂಡಿಬಂದಿತ್ತು. ಹುಡುಗ ಶಿಶಿರ್ ದೋಹಾದಲ್ಲಿ ಕೆಲಸದಲ್ಲಿದ್ದ. ಅವನಿಗೆ ರಜೆ ಸಿಕ್ಕಿದಾಗ ನಿಶ್ಚಿತಾರ್ಥ, ಮುಂದಿನ ವರ್ಷ ಮದುವೆ ಎಂದು ಮಾತಾಗಿತ್ತು. ಮದುವೆಯಲ್ಲಿ ಹೆಣ್ಣಿನ ತಂದೆ ಧಾರೆ ಎರೆಯಬೇಕು. ಆ ಹೊತ್ತಿನಲ್ಲಿ ಬಡಿಸುವವರ ಸಾಲಿಗೆ ಓಡಲಿಕ್ಕಾಗುವುದಿಲ್ಲ.

"ಮೊಡವೆಯ ಕಲೆಗೆ ಮದ್ದು ಮಾಡುವ ಡಾಕ್ಟ್ರು ಉಂಟಂತೆ" ಎಂದರು ಶೆಟ್ಟರು. "ಯಾರಿಗೂ ಹೇಳಬೇಡ. ದೀಕ್ಷಿತಾಳಿಗೂ ಬೇಡ. ಐವತ್ತಾರು ವರ್ಷದ ಗಂಡಸು ಮುಖ ಚಂದ ಮಾಡಿಸ್ಲಿಕ್ಕೆ ಹೋದ ಅಂತ ವಾಮದಪದವಿನಲ್ಲಿ ಗೊತ್ತಾದ್ರೆ ಮತ್ತೆ ನಾನು ಹೋಟೆಲ್ ಮುಚ್ಚಬೇಕಾದೀತು."

ಸರಸಳಿಗೆ ನಗು ಬಂತು, ಆದರೆ ನಗಲಿಲ್ಲ. ಗಂಡ ತನ್ನನ್ನು ನಂಬಿ ಒಂದು ಗುಟ್ಟು ಹೇಳಿದ್ದು, ಇಬ್ಬರೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತದ್ದು, ಯಾರಿಗೂ ತಿಳಿಯದ ಹಾಗೆ ಹೋಗುತ್ತಿರುವುದು ಎಲ್ಲ ಸೇರಿ ಅವಳಿಗೆ ಕಾಲೇಜು ತಪ್ಪಿಸಿ ಹೋಗುವವರ ಖುಷಿಯಾಯಿತು. ಆ ಕೆನ್ನೆಯ ಕುಳಿಗಳನ್ನು ಅವಳು ಎಷ್ಟೋ ವರ್ಷಗಳಿಂದ ನೋಡಿಯೇ ಇರಲಿಲ್ಲ. ಮನೆಯ ಕಂಬದಲ್ಲಿ ಬಿರುಕಿದ್ದರೆ ದಿನಾ ನೋಡುತ್ತೇವೆಯೇ? ಹಾಗೆ.

ಡಾಕ್ಟರ್ ರಶೀನಾ ನರಿಕೊಂಬಿನ ಕಡೆಯವರು, ಸರಸಳಿಗಿಂತ ಹದಿನೈದು ವರ್ಷ ಚಿಕ್ಕವರಿರಬೇಕು. ಊರು ವಾಮದಪದವು ಎಂದಾಗ "ಗೋಳಿಬಜೆ ಶೆಟ್ರಾ?" ಎಂದು ಅವರೇ ಕೇಳಿ, ತಮ್ಮ ತಂದೆ ಅದನ್ನು ಕಟ್ಟಿಸಿಕೊಂಡು ಬರುತ್ತಿದ್ದುದನ್ನು ನೆನೆದರು. ಆಮೇಲೆ ದೀಪ ಹತ್ತಿರಕ್ಕೆ ಎಳೆದು, ಶೆಟ್ಟರ ಕೆನ್ನೆಯನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಸಿಡುಬು, ಚಿಕನ್‌ಪಾಕ್ಸ್ ಏನಾದರೂ ಆಗಿತ್ತೇ, ಅದರಿಂದಲೂ ಕುಳಿ ಬೀಳುತ್ತದೆ ಎಂದು ಕೇಳಿದರು. ಇಲ್ಲ, ಹದಿನೆಂಟರಲ್ಲಿ ಎದ್ದ ಮೊಡವೆ, ಮೂವತ್ತು ದಾಟುವವರೆಗೆ ಬಿಡಲಿಲ್ಲ ಎಂದರು ಶೆಟ್ಟರು. ಆಗಿನ ಒಂದು ಫೋಟೊ ಇದ್ದರೆ ತನ್ನಿ, ಮದುವೆಯದ್ದಾದರೂ ಆದೀತು ಎಂದರು ಡಾಕ್ಟರು. ಶೆಟ್ಟರು ತಮ್ಮ ಚಪ್ಪಲಿ ನೋಡಿಕೊಂಡರು. ಸರಸ ಗೋಡೆಯ ಫ್ಯಾನು ನೋಡಿದಳು.

ಯಾಕೆಂದರೆ ಮದುವೆಯ ಆಲ್ಬಮ್ಮಿನಲ್ಲಿ ನಲವತ್ತೆರಡು ಫೋಟೊಗಳಿದ್ದವು, ನಲವತ್ತೆರಡರಲ್ಲಿಯೂ ಶೆಟ್ಟರ ಮುಖ ಅತ್ತ ಕಡೆ ತಿರುಗಿತ್ತು. ಧಾರೆಯ ಫೋಟೊದಲ್ಲಿ ಸರಸ ನೇರ ನೋಡುತ್ತಿದ್ದಾಳೆ, ಪಕ್ಕದಲ್ಲಿ ಮದುಮಗನ ಪೇಟ, ಒಂದು ಕಿವಿ, ಅಷ್ಟೆ. ಶೆಟ್ಟರಿಗೆ ಮೊದಲು ನೋಡಿದ್ದು ಸರಸಳ ದೊಡ್ಡಮ್ಮನ ಮಗಳನ್ನು, ಬೆಳ್ಳಗಿನ ಹುಡುಗಿ. ಅದು ತಪ್ಪಿ ಕಪ್ಪಗಿನ ಸರಸ ಗಂಟುಬಿದ್ದಳು, ಅದಕ್ಕೇ ಮನುಷ್ಯ ಮುಖ ತಿರುಗಿಸಿದ್ದು ಎಂದು ಅವಳು ಮದುವೆಯಾದ ತಿಂಗಳಲ್ಲೇ ಲೆಕ್ಕ ಹಾಕಿ ಮುಗಿಸಿದ್ದಳು. ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟರೆ ಎಂಬ ಹೆದರಿಕೆ.

ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಎಲ್ಲ ಕುಳಿಯೂ ಒಂದೇ ಜಾತಿಯಲ್ಲ, ಹಾಗಾಗಿ ಎಲ್ಲಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಕೆಲವು ಸೂಜಿ ಚುಚ್ಚಿದ ಹಾಗೆ ಕಿರಿದಾಗಿ ಆಳಕ್ಕೆ ಇಳಿದಿರುತ್ತವೆ, ಅವಕ್ಕೆ ಕಡ್ಡಿಯ ತುದಿಯಲ್ಲಿ ಒಂದೊಂದೇ ಹನಿ ಆಸಿಡ್ ಇಡುವುದು. ಕೆಲವನ್ನು ಚರ್ಮದ ಅಡಿಯಿಂದ ಎಳೆಗಳು ದಾರದ ಹಾಗೆ ಹಿಡಿದು ಜಗ್ಗಿರುತ್ತವೆ, ಅಲ್ಲಿ ಒಳಗೆ ಸೂಜಿ ಹಾಕಿ ಆ ಎಳೆ ಬಿಡಿಸಬೇಕು. ಅಗಲವಾಗಿ ತಗ್ಗಿದ್ದಕ್ಕೆ ಸಣ್ಣ ಸಣ್ಣ ಸೂಜಿಗಳ ಯಂತ್ರ ಓಡಿಸುವುದು, ಚರ್ಮ ತಾನೇ ಒಳಗಿಂದ ತುಂಬಿಕೊಂಡು ಬರುತ್ತದೆ. ಲೇಸರ್ ಉಂಟು, ಆದರೆ ನಮ್ಮ ಬಣ್ಣದ ಚರ್ಮದಲ್ಲಿ ಎಚ್ಚರ ತಪ್ಪಿದರೆ ಕುಳಿ ಹೋಗಿ ಕಪ್ಪು ಉಳಿದೀತು, ಅದನ್ನು ಕೊನೆಗೆ ನೋಡುವ ಎಂದರು. ತುಂಬಿಸುವ ಇಂಜೆಕ್ಷನ್ನೂ ಉಂಟು, ಅದು ಕೆಲವು ಕಾಲ ಮಾತ್ರ ನಿಲ್ಲುತ್ತದೆ. ಹಾಗಾದರೆ ಕ್ರೀಮ್ ಸಾಕಾಗುವುದಿಲ್ಲವೇ ಎಂದು ಸರಸ ಕೇಳಿದಳು. ಕ್ರೀಮಿನಿಂದ ಕಲೆಯ ಬಣ್ಣ ತಿಳಿಯಾಗುತ್ತದೆ, ಗುಂಡಿ ಮುಚ್ಚುವುದಿಲ್ಲ ಎಂದು ಉತ್ತರ ಬಂತು.

"ಪೂರಾ ಹೋಗ್ತದಾ ಡಾಕ್ಟ್ರೆ?" ಎಂದರು ಶೆಟ್ಟರು.

"ಇಲ್ಲ. ಅರ್ಧ ಕಡಿಮೆ ಆದ್ರೆ ನಾವು ಗೆದ್ದ ಹಾಗೆ. ಪೂರಾ ತೆಗೀತೇನೆ ಅಂತ ಹೇಳುವವರ ಹತ್ತಿರ ದಯವಿಟ್ಟು ಹೋಗಬೇಡಿ."

ಆ ಮಾತಿಗೆ ಶೆಟ್ಟರು ಪೆಚ್ಚಾಗುತ್ತಾರೆಂದು ಸರಸ ಅಂದುಕೊಂಡಿದ್ದಳು. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತು "ಅರ್ಧ ಸಾಕು" ಎಂದರು. ಮದ್ದು ಶುರುವಾಗುವ ಮೊದಲು ಎದುರಿನಿಂದ ಒಂದು, ಎಡಗೆನ್ನೆಯದ್ದೊಂದು, ಬಲಗೆನ್ನೆಯದ್ದೊಂದು ಎಂದು ಮೂರು ಫೋಟೊ ತೆಗೆಯಬೇಕಿತ್ತು. ಶೆಟ್ಟರು ಸೂಜಿ ಚುಚ್ಚಿಸಿಕೊಳ್ಳುವವರ ಹಾಗೆ ಮುಷ್ಟಿ ಬಿಗಿಹಿಡಿದು ಕೂತರು, ಆದರೆ ಕ್ಯಾಮೆರಾ ನೋಡಿದರು. ಅವರು ಮುಖ ತೊಳೆಯಲು ಹೋದಾಗ ಸರಸ ಸಣ್ಣ ದನಿಯಲ್ಲಿ ಡಾಕ್ಟರನ್ನು ಕೇಳಿ ಆ ಮೂರನ್ನೂ ತನ್ನ ಮೊಬೈಲಿಗೆ ಹಾಕಿಸಿಕೊಂಡಳು. ಯಾಕೆಂದು ಕೇಳಿದ್ದರೆ ಅವಳಿಗೂ ಹೇಳಲಿಕ್ಕೆ ಗೊತ್ತಾಗುತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು ಇಬ್ಬರ ಕಳ್ಳ ತಿರುಗಾಟ. ತಿಂಗಳಿಗೊಮ್ಮೆ ಮೂಡಬಿದಿರೆ. ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕಾಯುವಾಗ ಶೆಟ್ಟರು ಸರಸಳ ಹತ್ತಿರ ಮದುವೆಗೆ ಮುಂಚಿನ ಕತೆಗಳನ್ನೆಲ್ಲ ಹೇಳಿದರು. ಮುಗಿದ ಮೇಲೆ ಮುಖಕ್ಕೆ ಬೈರಾಸು ಸುತ್ತಿಕೊಂಡು ಹೊರಗೆ ಬಂದು, ಮೂಲೆಯ ಮೇಜು ಹಿಡಿದು ಗಡ್‌ಬಡ್ ಐಸ್‌ಕ್ರೀಮ್ ತಿನ್ನುವುದು. ಬೇರೆಯವರ ಹೋಟೆಲಿನಲ್ಲಿ ಕೂತು ಯಾರೋ ತಂದಿಟ್ಟದ್ದನ್ನು ತಿನ್ನುವ ಸುಖ ಎಂತದ್ದೆಂದು ಸರಸಳಿಗೆ ಗೊತ್ತಾದದ್ದೇ ಆಗ. ಬಿಸಿಲಿಗೆ ಹಚ್ಚುವ ಕ್ರೀಮಿನ ಟ್ಯೂಬನ್ನು ಅವರು ಇಂಗಿನ ಡಬ್ಬದ ಹಿಂದೆ ಅಡಗಿಸಿಟ್ಟರು. ಊರಿಗೆ ಹೇಳಿದ ಸುಳ್ಳು ಒಂದೇ, ಮಗಳ ಮದುವೆಗೆ ಹಾಲ್ ನೋಡಲು ಹೋಗುತ್ತಿದ್ದೇವೆ ಎಂದು.

"ಮೂಡಬಿದಿರೆಯಲ್ಲಿ ಎಷ್ಟು ಹಾಲ್ ಉಂಟು ಮಾರಾಯ್ತಿ?" ಎಂದು ಹುಕ್ರಪ್ಪ ಒಮ್ಮೆ ಕೇಳಿದ. ಹುಕ್ರಪ್ಪ ದಿನಕ್ಕೆ ನಾಲ್ಕು ಚಾ ಕುಡಿಯುವ ಗಿರಾಕಿ. ಅವನಿಗೆ ಹೇಳಿದ ಸುದ್ದಿ ಬಸ್ಸಿಗಿಂತ ಮೊದಲು ಬಂಟ್ವಾಳ ಮುಟ್ಟುತ್ತಿತ್ತು.

ಎರಡು ಸಲದ ಸೂಜಿಗೆ ಕೆನ್ನೆ ಒಂದೆರಡು ದಿನ ಕೆಂಪಗಾಗಿ ಇಳಿಯಿತು, ಒಲೆಯ ಝಳ ಎಂದು ಹೇಳಿ ಪಾರಾದರು. ಮೂರನೆಯ ಸಲ ಕಿರಿದಾದ ಆಳದ ಕುಳಿಗಳಿಗೆ ಹನಿ ಇಡುವ ಸರದಿ. ಡಾಕ್ಟರು ಎಣಿಸಿಕೊಂಡೇ ಇಟ್ಟರು, ಮೂವತ್ತೊಂದು. ಒಂದೊಂದೂ ಕೂಡಲೇ ಬೆಳ್ಳಗಾಗಿ, ಮರುದಿನ ಕಂದು ಹಕ್ಕಳೆ ಕಟ್ಟುತ್ತದೆ, ಹತ್ತು ದಿನದೊಳಗೆ ತಾನೇ ಉದುರುತ್ತದೆ, ಕೆರೆಯಬಾರದು, ಒಲೆಯ ಮುಂದೆ ನಿಲ್ಲಬಾರದು ಎಂದು ಹೇಳಿ ಕಳಿಸಿದರು. ನಿಶ್ಚಿತಾರ್ಥಕ್ಕೆ ಇನ್ನೂ ಎರಡು ತಿಂಗಳಿದೆ ಎಂದು ಇಬ್ಬರೂ ನಿಶ್ಚಿಂತೆಯಿಂದ ಐಸ್‌ಕ್ರೀಮ್ ತಿಂದು ಬಂದರು.

ಮರುದಿನ ಬೆಳಿಗ್ಗೆ ಅಳದಂಗಡಿಯಿಂದ ಜಲಜಾಕ್ಷಿಯ ಫೋನು ಬಂತು. ಜಲಜಾಕ್ಷಿ ಹುಡುಗನ ತಾಯಿ. ಶಿಶಿರನಿಗೆ ಕಂಪೆನಿಯವರು ರಜೆಯನ್ನು ಹಿಂದೆಮುಂದೆ ಮಾಡಿ ಈಗಲೇ ಕೊಟ್ಟಿದ್ದಾರೆ, ಅವನು ನಾಳೆ ಬರುತ್ತಾನೆ, ಹನ್ನೆರಡು ದಿನ ಇರುತ್ತಾನೆ, ಬರುವ ಭಾನುವಾರವೇ ನಿಶ್ಚಿತಾರ್ಥ ಮುಗಿಸುವ ಎಂದಳು. ಸರಸಳಿಗೆ ನಿಂತಲ್ಲೇ ಕುಣಿಯಬೇಕೆನಿಸಿತು. ಫೋನ್ ಇಟ್ಟು ಒಳಗೆ ಓಡಿದವಳು ಗಂಡನ ಮುಖ ನೋಡಿ ಬಾಗಿಲಲ್ಲೇ ನಿಂತಳು. ಮೂವತ್ತೊಂದು ಹಕ್ಕಳೆ.

ಆ ಹೊತ್ತಿಗೆ ಸರಿಯಾಗಿ ಹುಕ್ರಪ್ಪ ಚಾಕ್ಕೆ ಸಕ್ಕರೆ ಸಾಲದೆಂದು ಲೋಟ ಹಿಡಿದುಕೊಂಡು ಅಡುಗೆಕೋಣೆಗೇ ಬಂದ. ಶೆಟ್ಟರ ಮುಖ ನೋಡಿದ. ಲೋಟ ಅಲ್ಲೇ ಇಟ್ಟು ಹೊರಗೆ ನಡೆದ. ಅರ್ಧ ಗಂಟೆಯಲ್ಲಿ ಹೋಟೆಲಿನ ಬಾಗಿಲಿಗೆ ಯಾರೋ ಕಹಿಬೇವಿನ ಸೊಪ್ಪು ಕಟ್ಟಿದ್ದರು. ಜಗಲಿಯಲ್ಲಿ ಐದು ಎಳನೀರ ಬೊಂಡ ಇಟ್ಟು ಹೋಗಿದ್ದರು. ಮಧ್ಯಾಹ್ನಕ್ಕೆ ಶೆಟ್ಟರಿಗೆ ಚಿಕನ್‌ಪಾಕ್ಸ್ ಎಂದು ಪೇಟೆಗೆಲ್ಲ ಗೊತ್ತಾಗಿತ್ತು.

ಹೌದೋ ಅಲ್ಲವೋ ಎಂದು ಸರಸ ಬಾಯಿ ತೆರೆಯುವ ಮೊದಲೇ ಶೆಟ್ಟರು ಅವಳ ಕೈ ಹಿಡಿದು ಎಳೆದರು. "ಹಾಗೇ ಇರ್ಲಿ. ಅದೇ ಒಳ್ಳೆಯದು" ಎಂದರು. ಮುಖ ಚಂದ ಮಾಡಿಸಿಕೊಂಡವ ಎನ್ನಿಸಿಕೊಳ್ಳುವುದಕ್ಕಿಂತ ಸೀಕಿನವ ಎನ್ನಿಸಿಕೊಳ್ಳುವುದು ಅವರಿಗೆ ಮರ್ಯಾದೆಯಾಗಿ ಕಂಡಿತು. ಅದೊಂದು ದೊಡ್ಡ ತಪ್ಪು. ಯಾಕೆಂದರೆ ಚಿಕನ್‌ಪಾಕ್ಸ್ ಇರುವ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಎಣ್ಣೆಯಲ್ಲಿ ಕರಿಯುವಂತಿಲ್ಲ. ಮನೆಗೂ ಹೋಟೆಲಿಗೂ ನಡುವೆ ಇರುವುದು ಒಂದು ಬಾಗಿಲು. ವಾಮದಪದವಿನಲ್ಲಿ ಅಂದು ಸಂಜೆ ನಾಲ್ಕಕ್ಕೆ ಗೋಳಿಬಜೆ ಇರಲಿಲ್ಲ. ಗಟ್ಟಿಮುಟ್ಟಾಗಿದ್ದ ಶೆಟ್ಟರು ಚಾಪೆಯ ಮೇಲೆ ಬೇವಿನ ಸೊಪ್ಪಿನ ಪಕ್ಕ ಮಲಗಿ, ಉಪ್ಪಿಲ್ಲದ ಗಂಜಿ ಕುಡಿದರು. ಕಿಟಕಿಯಿಂದ ಯಾರಾದರೂ ಇಣುಕಿದರೆ ನರಳಿದರು. ಸರಸ ಗಂಡನಿಗೆ ಬೀಸಣಿಗೆ ಬೀಸುತ್ತ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು.

ನಗು ನಿಂತದ್ದು ಮರುದಿನ ಜಲಜಾಕ್ಷಿಯ ಎರಡನೆಯ ಫೋನಿಗೆ. ಸುದ್ದಿ ಅಳದಂಗಡಿ ಮುಟ್ಟಿತ್ತು. ಅವಳು ಗಟ್ಟಿ ಹೆಂಗಸು, ಆದರೆ ಕೆಟ್ಟವಳಲ್ಲ. ಹಿರಿಯ ಸೊಸೆ ಐದು ತಿಂಗಳ ಬಸುರಿ, ಅಂಥವರಿಗೆ ಈ ಸೀಕು ಅಂಟಬಾರದು. ಹಕ್ಕಳೆ ಉದುರಿ, ತಲೆಗೆ ನೀರು ಹಾಕುವವರೆಗೆ ಆ ಮನೆಯಲ್ಲಿ ಶುಭಕಾರ್ಯವೂ ಇಲ್ಲ. ಶಿಶಿರನ ಮುಂದಿನ ರಜೆ ಇನ್ನು ಒಂದು ವರ್ಷಕ್ಕೆ. "ಈ ಸಲ ಬೇಡ ಸರಸಕ್ಕ. ಬರುವ ವರ್ಷ ನೋಡುವ. ಅಷ್ಟರಲ್ಲಿ ಯಾರ ಮನಸ್ಸು ಹೇಗಿರ್ತದೋ" ಎಂದಳು. ಕೊನೆಯ ಮಾತು ಸರಸಳ ಎದೆಯಲ್ಲಿ ಕೂತಿತು.

ನಿಜ ಹೇಳಿಬಿಡಿ ಎಂದು ಅವಳು ಗಂಡನನ್ನು ಬೇಡಿದಳು. ಆಗುವುದಿಲ್ಲ ಎಂದರು. ಬೀಗರಿಗೇ ಗೊತ್ತಾದರೆ ಮಗಳು ಆ ಮನೆಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ ಎಂದರು. ಇನ್ನು ಅವಳಿಗೆ ತಡೆಯಲಾಗಲಿಲ್ಲ. ಬೀಸಣಿಗೆ ನೆಲಕ್ಕೆ ಎಸೆದಳು.

"ನಮ್ಮ ಧಾರೆ ದಿನವೂ ಮುಖ ತಿರುಗಿಸಿದ್ರಿ. ಈಗ ಮಗಳದ್ದಕ್ಕೂ ತಿರುಗಿಸಿ."

ಶೆಟ್ಟರು ಗೋಡೆಯ ಕಡೆ ಹೊರಳಿದರು. ಇಪ್ಪತ್ತೆಂಟು ವರ್ಷ ನುಂಗಿಕೊಂಡದ್ದು ಹೊರಗೆ ಬಂದುಬಿಟ್ಟಿತಲ್ಲ ಎಂದು ಸರಸ ಎಸೆದ ಬೀಸಣಿಗೆಯನ್ನು ಹೆಕ್ಕಿಕೊಂಡಳು. ಆ ಗಳಿಗೆಗೆ ದೀಕ್ಷಿತಾಳ ಫೋನು ಬಂತು. ಮಂಗಳೂರಿನಲ್ಲಿ ಶಾಲೆಯಲ್ಲಿ ಕಲಿಸುವವಳು, ಮನೆಗೆ ಬರಬಾರದೆಂದು ಅವಳಿಗೂ ಯಾರೋ ಹೇಳಿದ್ದರು. ಸರಸ ಸ್ಪೀಕರ್ ಹಾಕಿದಳು. ಮಗಳು ಅತ್ತು ಮುಗಿಸಿಯೇ ಫೋನ್ ಮಾಡಿದ್ದು ಎಂದು ಗಂಟಲಿನಿಂದ ಗೊತ್ತಾಗುತ್ತಿತ್ತು. "ಪಪ್ಪ, ನೀವು ಬೇಜಾರು ಮಾಡಬೇಡಿ. ನಿಮಗೆ ಹುಷಾರಾದ್ರೆ ಸಾಕು. ನನ್ನದು ಯಾವಾಗಾದ್ರೂ ಆಗ್ಲಿ" ಎಂದಳು.

ಬೈದಿದ್ದರೆ ಶೆಟ್ಟರು ತಡೆದುಕೊಳ್ಳುತ್ತಿದ್ದರೇನೋ. ಫೋನ್ ಇಟ್ಟ ಮೇಲೆ ಅವರು ಎದ್ದು ಕೂತರು, ಬೇವಿನ ಸೊಪ್ಪನ್ನು ಬದಿಗೆ ಸರಿಸಿದರು. "ಸರಸ, ಒಳ್ಳೆ ಸೀರೆ ಉಟ್ಟುಕೋ. ಅಳದಂಗಡಿಗೆ ಹೋಗುವ" ಎಂದರು.

ಬಸ್ಸು ಹತ್ತಿದ್ದು ಒಂದು ದೊಡ್ಡ ಸಂಗತಿಯೇ ಆಯಿತು. ಮುಖ ಮುಚ್ಚಿಕೊಳ್ಳದೆ ಶೆಟ್ಟರು ಒಳಗೆ ಕಾಲಿಟ್ಟದ್ದೇ ತಡ, ಮುಂದಿನ ನಾಲ್ಕು ಸಾಲು ಸೀಟು ತಾನಾಗಿ ಖಾಲಿಯಾಯಿತು. ಕಂಡಕ್ಟರ್ ದೂರದಿಂದಲೇ ಕೈ ಚಾಚಿದ. ಗುರುವಾಯನಕೆರೆಯಲ್ಲಿ ಬಸ್ ಬದಲಿಸಿದಾಗ ಅಲ್ಲಿಯೂ ಹಾಗೆಯೇ. ಬೀಗರು ಏನೆನ್ನುವರೋ ಎಂದು ಸರಸ ಮಡಿಲಿನ ಕೊಡೆಯ ಹಿಡಿಯನ್ನು ತಿರುಗಿಸುತ್ತಲೇ ಇದ್ದಳು. ಆದರೂ ಅಷ್ಟು ಅಗಲದ ಸೀಟಿನಲ್ಲಿ ಹೀಗೆ ಗಂಡನಿಗೆ ಒರಗಿ ಕೂತು ಯಾವ ಕಾಲವಾಯಿತು ಎಂದೂ ಒಂದು ಮನಸ್ಸು ಹೇಳುತ್ತಿತ್ತು.

ಜಲಜಾಕ್ಷಿ ಅವರನ್ನು ಗೇಟಿನಲ್ಲಿಯೇ ಕಂಡು ಕೈ ಅಡ್ಡ ಹಿಡಿದಳು. ಬಸುರಿ ಸೊಸೆಯನ್ನು ಒಳಕ್ಕೆ ಅಟ್ಟಿದಳು. "ಅಲ್ಲೇ ನಿಲ್ಲಿ ಶೆಟ್ರೆ. ಇಂಥ ಮೈಯಲ್ಲಿ ಯಾರಾದ್ರೂ ತಿರುಗ್ತಾರಾ?" ಎಂದಳು. ಅವಳು ಚಾವಡಿಯ ಮೆಟ್ಟಿಲ ಮೇಲೆ, ಪಕ್ಕದಲ್ಲಿ ದಟ್ಟ ಗಡ್ಡದ ಶಿಶಿರ್, ಇವರು ಅಂಗಳದ ಆ ತುದಿಯಲ್ಲಿ. ನಡುವೆ ಒಣಗಲು ಹಾಕಿದ ಭತ್ತ. ಮೆಲ್ಲಗೆ ಹೇಳಿದರೆ ಕೇಳಿಸದು. ಹೀಗಾಗಿ ಮೂಡಬಿದಿರೆಯ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಪಿಸುಗುಟ್ಟಿದ್ದ ಗುಟ್ಟನ್ನು ಮುಂಡಪ್ಪ ಶೆಟ್ಟರು ಆಚೀಚೆ ಮನೆಗೂ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು.

"ಇದು ಚಿಕನ್‌ಪಾಕ್ಸ್ ಅಲ್ಲ ಜಲಜಕ್ಕ. ಮೊಡವೆ ಕಲೆ ತೆಗೆಸ್ಲಿಕ್ಕೆ ಮೂಡಬಿದಿರೆಗೆ ಹೋಗಿದ್ದೆ. ಅಲ್ಲಿ ಹನಿ ಹಾಕಿದ್ದು."

ಆಚೆ ಮನೆಯಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ಜಲಜಾಕ್ಷಿ ನಂಬಲಿಲ್ಲ. ನಿಶ್ಚಿತಾರ್ಥ ತಪ್ಪಬಾರದೆಂದು ಸೀಕು ಮುಚ್ಚಿಡುವ ತಂದೆತಾಯಿ ಎಷ್ಟು ಜನ ಇಲ್ಲ ಎಂದಳು. ಮೊದಲು ಹೇಗಿತ್ತು ಎಂಬುದಕ್ಕೆ ಏನು ಸಾಕ್ಷಿ ಎಂದು ಕೇಳಿದಳು. ಹೆಣ್ಣು ನೋಡಲು ಇವರು ಬಂದ ದಿನವೂ ಶೆಟ್ಟರು ಅಡುಗೆಕೋಣೆ ಬಿಟ್ಟಿರಲಿಲ್ಲ. ಅವರ ಜೀವಮಾನದಲ್ಲಿ ಮುಖದ ಸಾಕ್ಷಿ ಎಂಬುದೇ ಇರಲಿಲ್ಲ.

"ನನ್ನ ಹತ್ತಿರ ಉಂಟು" ಎಂದಳು ಸರಸ.

ಅವಳು ಮೊಬೈಲು ತೆಗೆದು ಮೂರು ಫೋಟೊಗಳನ್ನೂ ಅಂಗಳದ ಈ ತುದಿಯಿಂದ ಆ ತುದಿಗೆ ಶಿಶಿರನಿಗೆ ಕಳಿಸಿದಳು. ಎದುರಿನದ್ದು, ಎಡದ್ದು, ಬಲದ್ದು. ಶೆಟ್ಟರು ಹೆಂಡತಿಯನ್ನೇ ನೋಡಿದರು. ಅದು ನಿನ್ನ ಹತ್ತಿರ ಎಲ್ಲಿಂದ ಎಂದು ಅವರು ಕೇಳುವಷ್ಟರಲ್ಲಿ ಅವಳು ಡಾಕ್ಟರ್ ರಶೀನಾರಿಗೆ ಫೋನ್ ಹಚ್ಚಿದಳು. ಶೆಟ್ಟರೇ ಮಾತಾಡಿ, ಎಲ್ಲ ಹೇಳಿಬಿಡಿ ಡಾಕ್ಟ್ರೆ ಎಂದು ಒಪ್ಪಿಗೆ ಕೊಟ್ಟು ಸ್ಪೀಕರನ್ನು ಎತ್ತಿ ಹಿಡಿದರು. ಮೂವತ್ತೊಂದು ಕುಳಿಗೆ ತಾನೇ ಕೈಯಾರೆ ಹನಿ ಇಟ್ಟದ್ದು, ಅಂಟುವಂಥದ್ದು ಏನೂ ಇಲ್ಲ, ಬಸುರಿಯ ಪಕ್ಕದಲ್ಲಿ ಕೂತರೂ ತೊಂದರೆಯಿಲ್ಲ, ಹಕ್ಕಳೆ ಮಾತ್ರ ಯಾರೂ ಕೀಳಬೇಡಿ ಎಂದು ಡಾಕ್ಟರು ಶಾಲೆಯ ಕನ್ನಡದಲ್ಲಿ ನಿಧಾನವಾಗಿ ವಿವರಿಸಿದರು.

ಜಲಜಾಕ್ಷಿ ಫೋಟೊಗಳನ್ನು ನೋಡಿದಳು, ಎದುರು ನಿಂತ ಮುಖವನ್ನು ನೋಡಿದಳು. ಅವಳ ದನಿ ಇಳಿಯಿತು. "ಅಲ್ಲ ಶೆಟ್ರೆ, ಈ ಪ್ರಾಯದಲ್ಲಿ ಯಾಕೆ ಬೇಕಿತ್ತು ನಿಮಗೆ ಇದು?"

ಶೆಟ್ಟರು ಭತ್ತದ ಮೇಲೆ ಕೂತ ಗುಬ್ಬಿಗಳನ್ನು ನೋಡಿದರು.

"ನಮ್ಮ ಮದುವೆ ದಿನ ನನ್ನ ಮುಖ ಪೂರಾ ಹಣ್ಣಾಗಿತ್ತು ಜಲಜಕ್ಕ. ಕೀವು ತುಂಬಿತ್ತು. ಫೋಟೊದವ ನಮ್ಮಿಬ್ಬರನ್ನು ಒಟ್ಟಿಗೆ ನಿಲ್ಲಿಸಿದ. ಇವಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ಇಷ್ಟು ಚಂದದ ಹುಡುಗಿಯ ಪಕ್ಕದಲ್ಲಿ ಈ ಮುಖ ಬಂದ್ರೆ ಅವಳ ಫೋಟೊ ಹಾಳಾಗ್ತದೆ ಅಂತ ಕಂಡಿತು. ಹಾಗೆ ತಿರುಗಿಸಿದೆ. ಅವಳದ್ದಾದ್ರೂ ಸರಿ ಬರ್ಲಿ ಅಂತ. ಮತ್ತೆ ಅದೇ ಅಭ್ಯಾಸ ಆಯ್ತು. ಮಗಳ ಧಾರೆಗೆ ತಿರುಗಿಸ್ಲಿಕ್ಕೆ ಆಗುದಿಲ್ಲ ಅಲ್ವಾ?"

ಗೇಟಿನ ಹತ್ತಿರ ನಿಂತಿದ್ದ ಸರಸಳಿಗೆ ಮೊದಲು ಬಂದದ್ದು ಕೋಪ. ಇಪ್ಪತ್ತೆಂಟು ವರ್ಷ. ದೊಡ್ಡಮ್ಮನ ಮಗಳು ಮನೆಗೆ ಬಂದಾಗಲೆಲ್ಲ ತಾನು ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಬಡಿಸಿದ್ದು, ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟದ್ದು, ಎಲ್ಲ ಯಾವುದಕ್ಕೆ? ಈ ಮನುಷ್ಯ ಒಂದು ಮಾತು, ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಕೋಪದ ಬೆನ್ನಿಗೇ ಸಂತೋಷ ಬಂತು, ತಡೆಯಲಾರದಷ್ಟು. ಐವತ್ತೊಂದು ವರ್ಷದ ಹೆಂಗಸು, ಬೀಗರ ಅಂಗಳ, ಬಿಸಿಲು, ಇಂಥ ಕಡೆ ಗಂಡ ಊರಿಗೆಲ್ಲ ಕೇಳುವ ಹಾಗೆ ತನ್ನನ್ನು ಚಂದದ ಹುಡುಗಿ ಎಂದು ಕೂಗಿದ್ದ. ಅವಳು ಕೊಡೆ ಬಿಡಿಸಿ ಅದರ ಹಿಂದೆ ಮುಖ ಮರೆಮಾಡಿಕೊಂಡಳು.

ಜಲಜಾಕ್ಷಿ ಮೆಟ್ಟಿಲಿಳಿದು ಭತ್ತದ ಅಂಚಿನಲ್ಲಿ ನಡೆದು ಬಂದಳು. ಶೆಟ್ಟರ ಕೆನ್ನೆಯನ್ನು ಹತ್ತಿರದಿಂದ ನೋಡಿ, ಒಳಗೆ ಬನ್ನಿ, ಬಿಸಿಲಿಗೆ ನಿಲ್ಲಬಾರದಲ್ಲ ಎಂದಳು. ಕಾಫಿಯ ಜೊತೆ ಭಾನುವಾರದ ಮಾತು ಮುಗಿಯಿತು. ಹೊರಡುವಾಗ ಶಿಶಿರ್ ಗೇಟಿನವರೆಗೆ ಬಂದ. ಗಡ್ಡ ಕೆರೆದುಕೊಳ್ಳುತ್ತ, ಆ ಡಾಕ್ಟರ ನಂಬರ್ ತನಗೂ ಬೇಕಿತ್ತು, ಗಡ್ಡದ ಅಡಿಯಲ್ಲಿ ತನ್ನದೂ ಇದೇ ಕತೆ ಎಂದು ಮಾವನಾಗುವವರ ಕಿವಿಯಲ್ಲಿ ಹೇಳಿದ. ಶೆಟ್ಟರು ಅವನ ಬೆನ್ನು ತಟ್ಟಿ, ಕ್ರೀಮ್ ಮಾತ್ರ ಹಚ್ಚಿ ಪ್ರಯೋಜನವಿಲ್ಲ ಎಂದು ದೊಡ್ಡ ಅನುಭವಿಯ ಹಾಗೆ ಬುದ್ಧಿ ಹೇಳಿದರು.

ಅಂದು ಸಂಜೆ ಬಾಗಿಲಿನ ಬೇವಿನ ಸೊಪ್ಪು ಇಳಿಯಿತು. ಒಲೆಯ ಮುಂದೆ ನಿಲ್ಲಬಾರದು ಎಂದು ಡಾಕ್ಟರು ಹೇಳಿದ್ದರಲ್ಲ, ಬಾಣಲೆಯ ಮುಂದೆ ಸರಸ ನಿಂತಳು. ಗಲ್ಲಾದಲ್ಲಿ ಶೆಟ್ಟರು ಕೂತರು, ಮೂವತ್ತೊಂದು ಹಕ್ಕಳೆಗಳ ಸಮೇತ. ಹುಕ್ರಪ್ಪ ಬಂದು ಕಣ್ಣು ಕಣ್ಣು ಬಿಟ್ಟ. ಶೆಟ್ಟರು ಅವನಿಗೆ ಚಾ ಕೊಡಿಸಿ ಎಲ್ಲವನ್ನೂ ಮೊದಲಿನಿಂದ ಹೇಳಿದರು. ಹೇಗೂ ಹರಡುವ ಸುದ್ದಿ ಸರಿಯಾಗಿಯೇ ಹರಡಲಿ ಎಂಬ ಲೆಕ್ಕ. ಸರಸಳ ಗೋಳಿಬಜೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಯಾರೂ ದೂರಲಿಲ್ಲ.

ಭಾನುವಾರ ಬೆಳಿಗ್ಗೆ ಹಕ್ಕಳೆಗಳಲ್ಲಿ ಅರ್ಧದಷ್ಟು ಉದುರಿದ್ದವು. ಉಂಗುರ ಬದಲಾಯಿಸಿ ಆಯಿತು. ದೀಕ್ಷಿತಾ ಮುಖ ಅರಳಿಸಿಕೊಂಡು ಓಡಾಡಿದಳು. ಫೋಟೊ ತೆಗೆಯಲು ಬಂದಿದ್ದವನು ಹಾರಿಸ್, ಬಂಟ್ವಾಳದಲ್ಲಿ ಸ್ಟುಡಿಯೊ ಇಟ್ಟ ಹುಡುಗ. ಹುಡುಗಿಯ ತಂದೆತಾಯಿ ಬನ್ನಿ ಎಂದು ಕರೆದು ನಿಲ್ಲಿಸಿ, ಶೆಟ್ಟರ ಕೆನ್ನೆ ನೋಡಿ, ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲ ಒರೆಸಿ ನುಣ್ಣಗೆ ಮಾಡಿ ಕೊಡುತ್ತೇನೆ, ಚಿಂತೆ ಬೇಡ ಎಂದ.

"ಎಂತದೂ ಒರೆಸಬೇಡ" ಎಂದರು ಶೆಟ್ಟರು. "ಇದ್ದ ಹಾಗೆ ತೆಗಿ." ಶರಟಿನ ಕಾಲರು ಸರಿಮಾಡಿಕೊಂಡು, ಗಲ್ಲ ಎತ್ತಿ, ಕ್ಯಾಮೆರಾವನ್ನು ನೇರ ನೋಡಿದರು.

ಮರುವಾರ ಫೋಟೊ ಬಂತು. ಈಗ ಅದು ಹೋಟೆಲಿನ ಗಲ್ಲಾದ ಮೇಲೆ ಗಾಜು ಹಾಕಿಸಿಕೊಂಡು ತೂಗುತ್ತಿದೆ, ಚಾ ಕುಡಿಯುವವರಿಗೆಲ್ಲ ಕಾಣುತ್ತದೆ. ಮುಂಡಪ್ಪ ಶೆಟ್ಟರು ಕುಳಿ, ಹಕ್ಕಳೆ, ಕಲೆ ಎಲ್ಲವನ್ನೂ ಹೊತ್ತುಕೊಂಡು ನಮ್ಮ ಕಡೆಗೇ ನೋಡುತ್ತಿದ್ದಾರೆ. ಸರಸಳ ಮುಖ ಮಾತ್ರ ಅದರಲ್ಲಿ ಸರಿಯಾಗಿ ಬಂದಿಲ್ಲ. ಮಲ್ಲಿಗೆ ಮುಡಿದ ಜಡೆ, ಒಂದು ಕಿವಿ, ಒದ್ದೆ ಕೆನ್ನೆಯ ಅಂಚು ಕಾಣುತ್ತದೆ, ಅಷ್ಟೆ. ಅವಳು ಗಂಡನ ಕಡೆ ತಿರುಗಿ ಅವರನ್ನೇ ನೋಡುತ್ತಿದ್ದಳು.